40 ವೋಟಿನ ಅಂತರ: ಮರಿಯಮ್ಮನ ಹೆಸರು ಯಾವ ಪುಟದಲ್ಲಿ?

ಲಗ್ನಪತ್ರಿಕೆ ಅಚ್ಚಿಗೆ ಕೊಡುವ ಹಿಂದಿನ ರಾತ್ರಿ ಮನೆಯಲ್ಲಿ ಆಗುವ ಜಗಳ ಗೊತ್ತಲ್ವಾ? ಅಜ್ಜಿಯ ಹೆಸರು ಎಲ್ಲಿ ಬರಬೇಕು? ಮೇಲ್ಗಡೆ, ದೊಡ್ಡ ಅಕ್ಷರದಲ್ಲಿ, ಪ್ರತ್ಯೇಕವಾಗಿಯಾ? ಇಲ್ಲಾ ಕೆಳಗೆ ‘ಸುಖಾಗಮನ ಬಯಸುವವರು’ ಸಾಲಿನಲ್ಲಿ ಎಲ್ಲರ ಜೊತೆಗಾ? ಅಜ್ಜಿಯ ಮೇಲೆ ತನಗೆ ಪ್ರೀತಿ ಕಡಿಮೆ ಅಂತ ಯಾರೂ ಒಪ್ಪುವುದಿಲ್ಲ. ಆದರೂ ಮಾತು ಏರುತ್ತದೆ. ಯಾರೋ ಒಬ್ಬರು ಅರ್ಧ ಊಟಕ್ಕೇ ಕೈ ತೊಳೆದು ಏಳುತ್ತಾರೆ.

1963ರ ಅಕ್ಟೋಬರ್ 29, ಮಂಗಳವಾರ, ರೋಮಿನ ಸಂತ ಪೇತ್ರರ ಬೆಸಿಲಿಕದಲ್ಲಿ ನಡೆದದ್ದೂ ಹೆಚ್ಚುಕಡಿಮೆ ಇದೇ. ಎರಡನೇ ವ್ಯಾಟಿಕನ್ ಮಹಾಸಭೆಗೆ ಸೇರಿದ್ದ ಎರಡು ಸಾವಿರಕ್ಕೂ ಜಾಸ್ತಿ ಕಥೋಲಿಕ ಬಿಷಪ್‌ಗಳು ಅವತ್ತು ಒಂದು ಪ್ರಶ್ನೆಗೆ ಮತ ಹಾಕಿದರು. ಯೇಸುವಿನ ತಾಯಿ ಮರಿಯಮ್ಮನ ಬಗ್ಗೆ ಬೇರೆಯೇ ಒಂದು ದಸ್ತಾವೇಜು ಬೇಕಾ? ಅಥವಾ ಧರ್ಮಸಭೆಯ, ಅಂದರೆ ಇಡೀ ಚರ್ಚಿನ, ಬಗ್ಗೆ ಬರೆಯುತ್ತಿರುವ ದಸ್ತಾವೇಜಿನಲ್ಲೇ ಆಕೆಗೆ ಒಂದು ಅಧ್ಯಾಯ ಕೊಟ್ಟರೆ ಸಾಕಾ? ಅದರಲ್ಲೇ ಸೇರಿಸಿ ಎಂದವರು 1,114 ಮಂದಿ. ಬೇರೆಯೇ ಇರಲಿ ಎಂದವರು 1,074. ಐದು ಮತ ಕೆಟ್ಟವು. ಅಂತರ 40.

ಇದು ಎಷ್ಟು ವಿಚಿತ್ರ ಸಂಖ್ಯೆ ಅಂತ ಗೊತ್ತಾಗಬೇಕಾದರೆ ಪಕ್ಕದಲ್ಲಿ ಇನ್ನೊಂದು ಲೆಕ್ಕ ಇಡಬೇಕು. ಮರುವರ್ಷ ಅದೇ ಧರ್ಮಸಭೆಯ ದಸ್ತಾವೇಜು, ಮರಿಯಮ್ಮನ ಅಧ್ಯಾಯವೂ ಸೇರಿ, ಕೊನೆಯ ಮತಕ್ಕೆ ಬಂತು. ಪರ 2,151. ವಿರೋಧ 5. ಆ ಮಹಾಸಭೆಯಲ್ಲಿ ಇಂಥ ಫಲಿತಾಂಶಗಳೇ ಮಾಮೂಲು. ಮರಿಯಮ್ಮನ ಜಾಗದ ಪ್ರಶ್ನೆ ಬಂದಾಗ ಮಾತ್ರ ಮನೆ ಸರಿಯಾಗಿ ಎರಡು ಪಾಲಾಯಿತು.

ಕಥೋಲಿಕರಿಗೂ ಪ್ರೊಟೆಸ್ಟೆಂಟರಿಗೂ ಮರಿಯಮ್ಮನ ವಿಷಯದಲ್ಲಿ ಆಗಿಬರುವುದಿಲ್ಲ ಅನ್ನುವುದು ಹೊಸ ಸುದ್ದಿಯಲ್ಲ. ಆದರೆ ಈ ಪ್ರಕರಣದಲ್ಲಿ ಮತ ಹಾಕಿದವರಲ್ಲಿ ಒಬ್ಬ ಪ್ರೊಟೆಸ್ಟೆಂಟನೂ ಇರಲಿಲ್ಲ. 1,074 ಮಂದಿಯೂ ಕಥೋಲಿಕರೇ, 1,114 ಮಂದಿಯೂ ಕಥೋಲಿಕರೇ. ಪ್ರೊಟೆಸ್ಟೆಂಟರು ಪಕ್ಕದಲ್ಲಿ ಕೂತು ಸುಮ್ನೆ ನೋಡುತ್ತಿದ್ದರು. ಹಾಗಾಗಿಯೇ ನನಗೆ ಇದು ಮತ್ತೆ ಮತ್ತೆ ನೆನಪಾಗುತ್ತದೆ. ಎರಡು ಪಂಗಡಗಳ ನಡುವಿನ ಜಗಳ ಅಂತ ನಾವು ಅಂದುಕೊಂಡದ್ದು ಒಂದೇ ಮನೆಯ ನಡುಕೋಣೆಯಲ್ಲಿ ನಡೆದಿತ್ತು.

ನೋಡುತ್ತಿದ್ದವರು

ಪೋಪ್ 23ನೇ ಜಾನ್ ಎರಡನೇ ವ್ಯಾಟಿಕನ್ ಮಹಾಸಭೆಯನ್ನು 1962ರ ಅಕ್ಟೋಬರ್ 11ರಂದು ಶುರು ಮಾಡಿದರು. ಬೇರೆ ಕ್ರೈಸ್ತ ಪಂಗಡಗಳಿಗೂ ಕರೆ ಹೋಗಿತ್ತು: ವೀಕ್ಷಕರನ್ನು ಕಳಿಸಿ, ಕೂತು ನೋಡಿ. ಲುಥೆರನ್, ಆಂಗ್ಲಿಕನ್, ಮೆಥಡಿಸ್ಟ್, ರಿಫಾರ್ಮ್ಡ್ ಸಭೆಗಳಿಂದ ಪಂಡಿತರು ಬಂದರು. ಮೊದಲ ಅಧಿವೇಶನದಲ್ಲಿ ಸುಮಾರು 40 ವೀಕ್ಷಕರಿದ್ದರೆ ಕೊನೆಯ ಹೊತ್ತಿಗೆ ನೂರರ ಹತ್ತಿರ ಹೋಗಿತ್ತು.

ಅವರಿಗೆ ಕೊಟ್ಟ ಜಾಗ ಸಂತ ಲೊಂಜಿನುಸನ ಪ್ರತಿಮೆಯ ಬಳಿಯ ಗ್ಯಾಲರಿ. ವೇದಿಕೆಗೆ ಅಷ್ಟು ಹತ್ತಿರ ಎಷ್ಟೋ ಬಿಷಪ್‌ಗಳಿಗೂ ಸಿಕ್ಕಿರಲಿಲ್ಲ. ನಡಾವಳಿ ಎಲ್ಲ ಲ್ಯಾಟಿನ್‌ನಲ್ಲಿ. ಅರ್ಥವಾಗದವರಿಗೆ ಪಕ್ಕದಲ್ಲಿ ಅನುವಾದಕರು. ಹೊರಗಿನವರಿಗೆ ತೋರಿಸದ ಕರಡುಗಳೆಲ್ಲ ಇವರ ಕೈಗೆ ಬರುತ್ತಿದ್ದವು. ವೋಟು ಇಲ್ಲ, ಸಭೆಯಲ್ಲಿ ಮಾತಾಡುವ ಹಕ್ಕೂ ಇಲ್ಲ. ಆದರೆ ಪ್ರತಿ ವಾರ ಕ್ರೈಸ್ತ ಐಕ್ಯತೆಯ ಕಾರ್ಯಾಲಯದವರು ಇವರನ್ನು ಕೂರಿಸಿಕೊಂಡು ‘ನಿಮಗೆ ಏನನ್ನಿಸಿತು’ ಅಂತ ಕೇಳುತ್ತಿದ್ದರು. ಆ ಮಾತು ಕಾಫಿಯ ಜಾಗಕ್ಕೂ, ಅಲ್ಲಿಂದ ಕರಡು ಬರೆಯುವವರ ಮೇಜಿಗೂ ತಲುಪುತ್ತಿತ್ತು. ಕಾಫಿಯ ಜಾಗಕ್ಕೆ ಬಿಷಪ್‌ಗಳು ‘ಬಾರ್ ಯೋನಾ’ ಅಂತ ಹೆಸರಿಟ್ಟಿದ್ದರು. ಪೇತ್ರನ ಹಳೆಯ ಹೆಸರು ಸಿಮೋನ್ ಬಾರ್ ಯೋನಾ. ಹಾಸ್ಯಪ್ರಜ್ಞೆ ಇತ್ತು ಅವರಿಗೆ.

ಮನೆಗೆ ನೆಂಟರು ಬಂದಾಗ ನಮ್ಮ ಮಾತಿನ ವರಸೆಯೇ ಬದಲಾಗುತ್ತದೆ. ಅಜ್ಜಿಯನ್ನು ಹೊಗಳುವಾಗಲೂ ಒಂದು ಕಣ್ಣು ನೆಂಟರ ಕಡೆ ಇರುತ್ತದೆ. ಈ ಪ್ರಕರಣದಲ್ಲಿ ಅದು ಬಹಳ ಕೆಲಸ ಮಾಡಿತು.

ಬಾವಿ, ಹಗ್ಗ, ಕೈ

ಈಗ ಸ್ವಲ್ಪ ಹಿಂದಕ್ಕೆ ಹೋಗಬೇಕು. ಮರಿಯಮ್ಮನ ಜಗಳ ಮೊದಲಿಗೆ ಮರಿಯಮ್ಮನ ಜಗಳವೇ ಅಲ್ಲ. ಅದರ ಬೇರು ರಕ್ಷಣೆಯ ಪ್ರಶ್ನೆಯಲ್ಲಿದೆ. ಮನುಷ್ಯ ಪಾಪದಿಂದ ಬಿಡುಗಡೆಯಾಗುವುದು ಹೇಗೆ? ಅದರಲ್ಲಿ ಅವನ ಪಾಲು ಏನಾದರೂ ಇದೆಯಾ?

ಒಬ್ಬ ಬಾವಿಗೆ ಬಿದ್ದಿದ್ದಾನೆ ಅಂದುಕೊಳ್ಳಿ. ಪ್ರೊಟೆಸ್ಟೆಂಟ್ ಸುಧಾರಣೆ ಶುರು ಮಾಡಿದ ಲೂಥರ್ ಮತ್ತು ಅವನ ಹಿಂದೆ ಬಂದವರು ಹೇಳುವುದು ಹೀಗೆ: ಬಿದ್ದವನಿಗೆ ಪ್ರಜ್ಞೆಯೇ ಇಲ್ಲ. ಹಗ್ಗ ಬಿಟ್ಟರೆ ಹಿಡಿಯಲಾರ. ಕ್ರಿಸ್ತನೇ ಕೆಳಗಿಳಿದು, ಹೆಗಲ ಮೇಲೆ ಹಾಕಿಕೊಂಡು ಬಂದ. ಇದನ್ನು ನಂಬುವುದು ಬಿಟ್ಟರೆ ಅವನು ಮಾಡುವಂಥದ್ದು ಏನೂ ಇಲ್ಲ, ಆ ನಂಬಿಕೆಯೂ ದೇವರು ಕೊಟ್ಟದ್ದೇ. ಕಥೋಲಿಕರು ಹೇಳುವುದು ಹೀಗೆ: ಹಗ್ಗ ಪೂರ್ತಿ ಕ್ರಿಸ್ತನದ್ದೇ. ಅದನ್ನು ಹಿಡಿಯುವ ಶಕ್ತಿಯೂ ಅವನೇ ಕೊಟ್ಟದ್ದು. ಆದರೆ ಹಿಡಿದ ಕೈ ನಮ್ಮದು. ಬೇಡ ಅಂತ ಬಿಡಲೂಬಹುದು.

1547ರ ಜನವರಿ 13ರಂದು ಕಥೋಲಿಕರ ತ್ರೆಂತ್ ಮಹಾಸಭೆ ಈ ವಿಷಯದಲ್ಲಿ 33 ವಿಧಿಗಳನ್ನು ಹೊರಡಿಸಿತು. ಮನುಷ್ಯನ ಕಡೆಯಿಂದ ಯಾವ ಸಹಕಾರವೂ ಬೇಡ, ಬರೀ ನಂಬಿಕೆ ಸಾಕು ಎನ್ನುವವರಿಗೆ ಅದರ 9ನೇ ವಿಧಿಯಲ್ಲಿ ಬಹಿಷ್ಕಾರ. ಗೆರೆ ಬಿತ್ತು. ಆ ಕಡೆ ಅವರು, ಈ ಕಡೆ ಇವರು.

ಈ ‘ಹಿಡಿದ ಕೈ’ ಯಾರದ್ದು ಅಂತ ಒಂದು ಉದಾಹರಣೆ ಕೊಡಿ ಎಂದರೆ ಕಥೋಲಿಕನ ಬಾಯಿಗೆ ಮೊದಲು ಬರುವ ಹೆಸರೇ ಮರಿಯಮ್ಮ. ಲೂಕನ ಸುವಾರ್ತೆಯ ಮೊದಲ ಅಧ್ಯಾಯದಲ್ಲಿ ದೇವದೂತ ಬಂದು ವಿಷಯ ತಿಳಿಸುತ್ತಾನೆ. ಆ ಹುಡುಗಿ ಒಂದು ಪ್ರಶ್ನೆ ಕೇಳುತ್ತಾಳೆ. ಆಮೇಲೆ ‘ಆಗಲಿ’ ಅನ್ನುತ್ತಾಳೆ. ಆ ‘ಆಗಲಿ’ಗೆ ಏನು ಬೆಲೆ? ಅದೂ ಕೃಪೆಯ ಫಲವೇ, ಆದರೂ ನಿಜವಾಗಿ ಆಕೆಯ ಮಾತೇ ಅಂತ ಕಥೋಲಿಕ. ಆಕೆ ಕೊಡಲಿಲ್ಲ, ಬರೀ ಪಡೆದುಕೊಂಡಳು, ಆಕೆಯ ದೊಡ್ಡತನ ಇರುವುದೇ ಅದರಲ್ಲಿ ಅಂತ ಪ್ರೊಟೆಸ್ಟೆಂಟ್.

ಲೂಥರನಿಗೆ ಮರಿಯಮ್ಮ ಅಂದರೆ ಆಗುತ್ತಿರಲಿಲ್ಲ ಅಂತ ಕೆಲವರು ತಿಳಿದಿದ್ದಾರೆ. ಅದು ತಪ್ಪು. 1521ರಲ್ಲಿ ಆತ ಮರಿಯಮ್ಮನ ಸ್ತುತಿಗೀತೆಗೆ ಒಂದು ವ್ಯಾಖ್ಯಾನವನ್ನೇ ಬರೆದ. ಆಕೆಯನ್ನು ‘ದೇವಮಾತೆ’ ಅನ್ನುವುದಕ್ಕೆ ಆತನ ತಕರಾರು ಇರಲಿಲ್ಲ. ತಕರಾರು ಇದ್ದದ್ದು ಆಕೆಯನ್ನು ಕರೆದು ಬೇಡಿಕೊಳ್ಳುವುದಕ್ಕೆ. ಲುಥೆರನ್ನರ 1530ರ ಆಗ್ಸ್‌ಬರ್ಗ್ ವಿಶ್ವಾಸಪ್ರಮಾಣದ 21ನೇ ಕಲಮು ಹೇಳುವುದೂ ಅದನ್ನೇ: ಸಂತರನ್ನು ನೆನೆಯಿರಿ, ಅವರ ಹಾಗೆ ನಡೆಯಿರಿ, ಆದರೆ ಅವರಲ್ಲಿ ಮೊರೆಯಿಡಲು ಗ್ರಂಥ ಕಲಿಸುವುದಿಲ್ಲ. ಅದಕ್ಕೆ ಎತ್ತಿ ತೋರಿಸುವ ವಚನ ತಿಮೊಥೆಯನಿಗೆ ಬರೆದ ಮೊದಲ ಪತ್ರದ ಎರಡನೇ ಅಧ್ಯಾಯದ್ದು. ದೇವರಿಗೂ ಮನುಷ್ಯರಿಗೂ ನಡುವೆ ಮಧ್ಯಸ್ಥ ಒಬ್ಬನೇ, ಅವನು ಕ್ರಿಸ್ತ ಯೇಸು. ಕರ್ನಾಟಕದ ಯಾವ ಸಿಎಸ್ಐ (ಇಲ್ಲಿನ ಪ್ರೊಟೆಸ್ಟೆಂಟ್ ಸಭೆ) ಭಾನುವಾರ ಶಾಲೆಯ ಮಗುವನ್ನು ಕೇಳಿದರೂ ಈ ವಚನ ಗೊತ್ತಿರುತ್ತದೆ.

ಇದನ್ನು ಎಲ್ಲರಿಗಿಂತ ಖಾರವಾಗಿ ಹೇಳಿದವನು ಸ್ವಿಸ್ ಪಂಡಿತ ಕಾರ್ಲ್ ಬಾರ್ಟ್. ರೋಮಿನ ಸಿದ್ಧಾಂತದ ಮರಿಯಮ್ಮ ಅಂದರೆ ತನ್ನ ರಕ್ಷಣೆಯಲ್ಲಿ ತಾನೂ ಕೈ ಜೋಡಿಸುವ ಮನುಷ್ಯಜೀವಿಯ ಮಾದರಿ ಅಂತ ಆತ 1930ರ ದಶಕದಲ್ಲೇ ಬರೆದಿದ್ದ. ಕಥೋಲಿಕರ ಉಳಿದೆಲ್ಲ ತಪ್ಪುಗಳ ಗುಟ್ಟು ಇಲ್ಲೇ ಇದೆ ಎಂಬುದು ಆತನ ಆರೋಪ. ಆರೋಪ ಒಪ್ಪುವುದು ಬಿಡುವುದು ಬೇರೆ ಮಾತು. ಗಂಟು ಎಲ್ಲಿದೆ ಅಂತ ಆತ ಸರಿಯಾಗಿಯೇ ಗುರುತಿಸಿದ್ದ ಅನ್ನುವುದು ನನ್ನ ಅಭಿಪ್ರಾಯ.

ಅಷ್ಟರಲ್ಲಿ ರೋಮು ಇನ್ನೂ ಮುಂದೆ ಹೋಗಿತ್ತು. ಮರಿಯಮ್ಮ ಜನ್ಮಪಾಪವಿಲ್ಲದೆ ಗರ್ಭದಲ್ಲಿ ಮೂಡಿದಳು ಅಂತ 1854ರಲ್ಲಿ ಸಿದ್ಧಾಂತ. ಆಕೆ ದೇಹಸಮೇತ ಸ್ವರ್ಗಕ್ಕೆ ಏರಿಸಲ್ಪಟ್ಟಳು ಅಂತ 1950ರಲ್ಲಿ ಇನ್ನೊಂದು. ಎರಡೂ ಬೈಬಲ್‌ನಲ್ಲಿ ನೇರವಾಗಿ ಇಲ್ಲ ಎಂಬುದು ಪ್ರೊಟೆಸ್ಟೆಂಟರ ದೂರು. 1959ರಲ್ಲಿ ಹೊಸ ಮಹಾಸಭೆಯ ಘೋಷಣೆ ಆದಾಗ ಅವರಿಗೆ ಸಹಜವಾಗಿಯೇ ಒಂದು ಅನುಮಾನ: ಮೂರನೆಯದು ಬರುತ್ತಾ? ಇತ್ತ ಎಷ್ಟೋ ಕಥೋಲಿಕರು ಆಸೆಯಿಂದ ಕಾಯುತ್ತಿದ್ದದ್ದೂ ಅದಕ್ಕೇ.

ಬಾಗಿಲಲ್ಲಿ ಕರಪತ್ರ

1962ರ ನವೆಂಬರ್‌ನಲ್ಲಿ ಮರಿಯಮ್ಮನ ಬಗ್ಗೆ ಒಂದು ಪ್ರತ್ಯೇಕ ಕರಡು ಬಿಷಪ್‌ಗಳ ಕೈಗೆ ಬಂತು. ಮುಖ್ಯವಾಗಿ ಅದನ್ನು ಬರೆದವರು ಕಾರ್ಲೊ ಬಾಲಿಚ್, ಕ್ರೊಯೇಷಿಯಾದ ಫ್ರಾನ್ಸಿಸ್ಕನ್ ಗುರು. ಅದರ ಮುನ್ನುಡಿ ಟಿಪ್ಪಣಿಯಲ್ಲಿ ಒಂದು ಮಾತಿದೆ. ಹಿಂದಿನ ಪೋಪ್‌ಗಳು ಬಳಸಿದ ಕೆಲವು ಪದಗಳನ್ನು ಇಲ್ಲಿ ಬಿಟ್ಟಿದ್ದೇವೆ, ‘ಸಹ-ರಕ್ಷಕಿ’ ಅನ್ನುವಂಥವು. ಅವು ತಮ್ಮಷ್ಟಕ್ಕೆ ಪರಮಸತ್ಯವೇ ಆದರೂ ಬೇರೆಯಾದ ಸಹೋದರರಿಗೆ, ಅಂದರೆ ಪ್ರೊಟೆಸ್ಟೆಂಟರಿಗೆ, ಅರ್ಥವಾಗುವುದು ಕಷ್ಟ.

ಈ ಒಂದು ಸಾಲಿನಲ್ಲಿ ಇಡೀ ಪ್ರಕರಣ ಇದೆ. ಪದ ಬಿಟ್ಟರು. ಆದರೆ ಬಿಟ್ಟಿದ್ದೇವೆ ಅಂತ ಬರೆದೂ ಇಟ್ಟರು. ನೆಂಟರ ಮುಂದೆ ಹೇಳಬಾರದು ಅಂತ ಪಿಸುಗುಟ್ಟಿದ್ದು ನೆಂಟರಿಗೇ ಕೇಳಿಸಿದ ಹಾಗೆ.

ಮೊದಲ ಅಧಿವೇಶನದಲ್ಲಿ ಈ ಕರಡು ಚರ್ಚೆಗೆ ಬರಲಿಲ್ಲ. 1963ರ ಜೂನ್ 3ರಂದು ಪೋಪ್ ಜಾನ್ ತೀರಿಕೊಂಡರು. ಆರನೇ ಪೌಲ್ ಬಂದರು. ಎರಡನೇ ಅಧಿವೇಶನ ಸೆಪ್ಟೆಂಬರ್ 29ಕ್ಕೆ ಶುರುವಾಯಿತು. ಅಷ್ಟರಲ್ಲಿ ಇದನ್ನು ಧರ್ಮಸಭೆಯ ಕರಡಿನೊಳಗೆ ಸೇರಿಸಿ ಎಂಬ ಒತ್ತಾಯ ಬಲವಾಗಿತ್ತು, ಮುಖ್ಯವಾಗಿ ಜರ್ಮನ್ ಭಾಷೆಯ ಸೀಮೆಯಿಂದ, ಫ್ರಾನ್ಸಿನಿಂದ.

ಅಕ್ಟೋಬರ್ 24ರಂದು ಮಹಾಸಭೆಯ ಎದುರು ಇಬ್ಬರು ಕಾರ್ಡಿನಲ್‌ಗಳು ನಿಂತರು. ಒಬ್ಬೊಬ್ಬರದು ಒಂದೊಂದು ಪಕ್ಷ. ಪ್ರತ್ಯೇಕ ಇರಲಿ ಎಂದವರು ಮನಿಲಾದ ರುಫಿನೊ ಸಾಂತೋಸ್. ಸೇರಿಸಿ ಎಂದವರು ವಿಯೆನ್ನಾದ ಫ್ರಾನ್ಸ್ ಕೋನಿಗ್.

ಸಾಂತೋಸ್ ಅವರ ವಾದದ ತಿರುಳು ಇದು. ಮರಿಯಮ್ಮ ಧರ್ಮಸಭೆಯ ಒಳಗಿನವಳು ನಿಜ. ಆದರೆ ಆಕೆಯ ಕೆಲಸ ಧರ್ಮಸಭೆ ಹುಟ್ಟುವುದಕ್ಕೂ ಮೊದಲಿನದು, ಕ್ರಿಸ್ತ ಮನುಷ್ಯನಾಗಿ ಬಂದ ಗಳಿಗೆಯದು. ಆಕೆಯನ್ನು ಆ ದಸ್ತಾವೇಜಿನ ಕೊನೆಗೆ ಅಂಟಿಸಿದರೆ ಆ ಸಂಬಂಧ ಮುಚ್ಚಿಹೋಗುತ್ತದೆ. ಮೇಲಾಗಿ, ಈಗಾಗಲೇ ಬೇರೆಯಾಗಿ ಇರುವುದನ್ನು ತೆಗೆದು ಒಳಗೆ ಸೇರಿಸಿದರೆ ಜನ ಏನಂದುಕೊಳ್ಳುತ್ತಾರೆ? ಆಕೆಯನ್ನು ಇಳಿಸಿದರು ಅಂದುಕೊಳ್ಳುತ್ತಾರೆ.

ಕೋನಿಗ್ ಬೇರೆ ದಾರಿ ಹಿಡಿದರು. ಈ ಮಹಾಸಭೆಯ ಮುಖ್ಯ ವಿಷಯವೇ ಧರ್ಮಸಭೆ. ಮರಿಯಮ್ಮನಿಗೆ ಬೇರೆ ದಸ್ತಾವೇಜು ಮಾಡಿದರೆ ಇನ್ನೊಂದು ಹೊಸ ಸಿದ್ಧಾಂತ ಬಂತು ಅಂತ ಲೋಕ ತಿಳಿಯುತ್ತದೆ. ಆಕೆಯೂ ರಕ್ಷಣೆ ಪಡೆದವಳೇ. ರಕ್ಷಣೆಯ ಮೊದಲ ಮತ್ತು ಅತಿ ಒಳ್ಳೆಯ ಫಲ ಆಕೆ. ಹಾಗಾಗಿ ಆಕೆಯ ಜಾಗ ರಕ್ಷಣೆ ಪಡೆದವರ ನಡುವೆಯೇ. ಪೂರ್ವದ ಆರ್ಥೊಡಾಕ್ಸ್ ಸಭೆಗಳಿಗೂ ಪ್ರೊಟೆಸ್ಟೆಂಟರಿಗೂ ಹತ್ತಿರವಾಗಲು ಇದೇ ಒಳ್ಳೆಯ ದಾರಿ.

ಇಬ್ಬರೂ ಕೂಗಾಡಲಿಲ್ಲ. ಇಬ್ಬರೂ ಮರಿಯಮ್ಮನ ಭಕ್ತರೇ. ಆದರೆ ಮುಂದಿನ ದಿನಗಳಲ್ಲಿ ಬೆಸಿಲಿಕದ ಸುತ್ತ ನಡೆದದ್ದು ನೋಡಿದರೆ ನಮ್ಮ ಪಂಚಾಯತಿ ಚುನಾವಣೆ ನೆನಪಾಗುತ್ತದೆ. ಒಳಗೆ ಹೋಗುವ ಬಿಷಪ್‌ಗಳ ಕೈಗೆ ಕರಪತ್ರ. ಸೇರಿಸಬೇಡಿ, ದೇವಮಾತೆಗೆ ಅವಮಾನ ಆಗುತ್ತದೆ ಅನ್ನುವ ಧಾಟಿ. ಅದಕ್ಕೆ ಉತ್ತರವಾಗಿ ಇನ್ನೊಂದು ಕಡೆಯಿಂದ ಟಿಪ್ಪಣಿಗಳು. ಸಂತ ಪೇತ್ರರ ಬೆಸಿಲಿಕದ ಹೊಸ್ತಿಲಲ್ಲಿ ನಿಂತು ಕಾಗದ ಹಂಚುವ ದೃಶ್ಯ ಕಲ್ಪಿಸಿಕೊಳ್ಳಿ. ನೇರಳೆ ನಿಲುವಂಗಿ ತೊಟ್ಟವರು ಅದನ್ನು ಓದಿ, ಮಡಿಸಿ, ಜೇಬಿಗೆ ಹಾಕಿಕೊಂಡು ಒಳಗೆ ಹೋಗುತ್ತಾರೆ.

ಆ ಸಭೆಯ ಮತದಾನ ನಮ್ಮ ಹಾಗೆ ಠಸ್ಸೆ ಒತ್ತುವುದಲ್ಲ. ಪ್ರತಿ ಬಿಷಪ್‌ಗೂ ಒಂದು ಕಾರ್ಡು, ಒಂದು ಕಾಂತೀಯ ಪೆನ್ಸಿಲ್ಲು. ಬೇಕಾದ ಕಡೆ ಗೀಟು ಹಾಕಿದರೆ ಯಂತ್ರ ಎಣಿಸುತ್ತದೆ. ಒಪ್ಪಿಗೆ ಇದ್ದರೆ ‘ಪ್ಲಾಚೆತ್’, ಇಲ್ಲದಿದ್ದರೆ ‘ನೋನ್ ಪ್ಲಾಚೆತ್’. ತಿದ್ದುಪಡಿಯೊಂದಿಗೆ ಒಪ್ಪುತ್ತೇನೆ ಎಂಬ ಮೂರನೇ ದಾರಿಯೂ ಕೆಲವು ಮತದಾನಗಳಲ್ಲಿ ಇರುತ್ತಿತ್ತು. 29ರಂದು ಅದಿರಲಿಲ್ಲ. ಹೌದು ಅಥವಾ ಇಲ್ಲ, ಎರಡೇ. ಪ್ರಶ್ನೆಯೇ ಮನೆಯನ್ನು ಸೀಳುವ ಹಾಗಿತ್ತು. ಇಪ್ಪತ್ತೊಂದು ಬಿಷಪ್‌ಗಳು ಆ ಕಡೆಯಿಂದ ಈ ಕಡೆಗೆ ಗೀಟು ಹಾಕಿದ್ದರೆ ಫಲಿತಾಂಶ ತಿರುಗಿಬೀಳುತ್ತಿತ್ತು.

ಗೆದ್ದವರಿಗೂ ಖುಷಿಯಾಗಲಿಲ್ಲ. ಅರ್ಧ ಸಭೆಯನ್ನು ಸೋಲಿಸಿ ತಾಯಿಯ ಬಗ್ಗೆ ಅಧ್ಯಾಯ ಬರೆಯುವುದು ಹೇಗೆ?

ಒಂದು ಪದ, ನಾಲ್ಕರ ನಡುವೆ

ಬರೆಯುವ ಕೆಲಸ ಇಬ್ಬರ ಪಾಲಿಗೆ ಬಂತು. ಒಬ್ಬರು ಸೋತ ಕಡೆಯ ಬಾಲಿಚ್. ಇನ್ನೊಬ್ಬರು ಗೆದ್ದ ಕಡೆಯ ಜೆರಾರ್ ಫಿಲಿಪ್ಸ್, ಬೆಲ್ಜಿಯಂನ ಲೂವೆನ್ ವಿಶ್ವವಿದ್ಯಾಲಯದವರು. ಜಗಳವಾಡಿದ ಇಬ್ಬರನ್ನೇ ಒಂದೇ ಅಡುಗೆಮನೆಗೆ ಹಾಕಿದ ಹಾಗೆ. ಕರಡಿನ ಮೇಲೆ ಕರಡು ಹೋಯಿತು, ಬಂತು.

ಎಲ್ಲಕ್ಕಿಂತ ಜಾಸ್ತಿ ತಿಕ್ಕಾಟ ನಡೆದದ್ದು ‘ಮಧ್ಯಸ್ಥೆ’ ಎಂಬ ಪದಕ್ಕೆ. 1964ರ ಸೆಪ್ಟೆಂಬರ್‌ನಲ್ಲಿ ಚರ್ಚೆ ಬಂದಾಗ ಕೆಲವರು ಅದನ್ನು ತೆಗೆದೇ ಬಿಡಿ ಎಂದರು, ಐಕ್ಯತಾ ಕಾರ್ಯಾಲಯದ ಕಾರ್ಡಿನಲ್ ಬೇಯಾ ಅವರಿಗೂ ಆ ಪದ ರುಚಿಸಲಿಲ್ಲ. ಇನ್ನು ಕೆಲವರಿಗೆ ಆ ಪದವೇ ಸಾಲದು, ಇನ್ನೂ ಗಟ್ಟಿ ಮಾತು ಬೇಕು. ಕೊನೆಗೆ ಆದ ರಾಜಿ ನೋಡಿ. ಪದ ಉಳಿಯಿತು. ಆದರೆ ಒಂಟಿಯಾಗಿ ಅಲ್ಲ, ನಾಲ್ಕು ಬಿರುದುಗಳ ಸಾಲಿನಲ್ಲಿ ನಾಲ್ಕನೆಯದಾಗಿ. ವಾದಿಸುವವಳು, ನೆರವಾಗುವವಳು, ಸಹಾಯಕಿ, ಮಧ್ಯಸ್ಥೆ. ಅದೂ ‘ಆಕೆ ಮಧ್ಯಸ್ಥೆ’ ಅಂತ ಅಲ್ಲ. ‘ಧರ್ಮಸಭೆ ಆಕೆಯನ್ನು ಈ ಹೆಸರುಗಳಿಂದ ಕರೆಯುತ್ತದೆ’ ಅಂತ. ಅದರ ಬೆನ್ನಿಗೇ ಒಂದು ಎಚ್ಚರಿಕೆ: ಒಬ್ಬನೇ ಮಧ್ಯಸ್ಥನಾದ ಕ್ರಿಸ್ತನ ಘನತೆಯಿಂದ ಇದು ಏನನ್ನೂ ಕಳೆಯುವುದಿಲ್ಲ, ಅದಕ್ಕೆ ಏನನ್ನೂ ಕೂಡಿಸುವುದಿಲ್ಲ.

ಹಳ್ಳಿಯ ಭೂಮಿ ಪಾಲುಪತ್ರ ಬರೆಸಿದವರಿಗೆ ಈ ಶೈಲಿ ಚೆನ್ನಾಗಿ ಗೊತ್ತು. ಎರಡೂ ಕಡೆಯವರು ತಮ್ಮ ಸಾಲನ್ನು ತೋರಿಸಿ ‘ನೋಡಿ, ಇದೆ’ ಅನ್ನಬಹುದು.

ಆ ಅಧ್ಯಾಯದಲ್ಲಿ ನನಗೆ ಹೆಚ್ಚು ಇಷ್ಟವಾದ ಎರಡು ಜಾಗ ಇವೆ. ಮರಿಯಮ್ಮ ಮಧ್ಯಸ್ಥಿಕೆ ಮಾಡುವ ಬಗ್ಗೆ ಹೇಳುವ ಭಾಗ ಶುರುವಾಗುವುದೇ ತಿಮೊಥೆಯನ ಪತ್ರದ ಆ ವಚನದಿಂದ, ಪ್ರೊಟೆಸ್ಟೆಂಟರು ನಾಲ್ಕು ಶತಮಾನ ಕಥೋಲಿಕರ ಮುಂದೆ ಹಿಡಿದ ಅದೇ ವಚನದಿಂದ. ಇನ್ನೊಂದು ಕೊನೆಯ ಭಾಗದಲ್ಲಿದೆ. ಬೋಧಕರಿಗೆ ಮತ್ತು ಪಂಡಿತರಿಗೆ ಬುದ್ಧಿಮಾತು: ಮರಿಯಮ್ಮನ ಬಗ್ಗೆ ಸುಳ್ಳು ಉತ್ಪ್ರೇಕ್ಷೆಯೂ ಬೇಡ, ಕೈ ಬಿಗಿ ಹಿಡಿಯುವ ಸಣ್ಣತನವೂ ಬೇಡ. ಸೋತ 1,074 ಮಂದಿಗೂ ಗೆದ್ದ 1,114 ಮಂದಿಗೂ ಒಂದೊಂದು ಏಟು.

1964ರ ಅಕ್ಟೋಬರ್ 29ರಂದು, ಆ 40 ವೋಟಿನ ದಿನಕ್ಕೆ ಸರಿಯಾಗಿ ಒಂದು ವರ್ಷಕ್ಕೆ, ಅಧ್ಯಾಯ ಮತಕ್ಕೆ ಬಂತು. ಪರ 1,559, ವಿರೋಧ 10. ತಿದ್ದುಪಡಿಯೊಂದಿಗೆ ಪರ 521. ಈ ಸಲ ಮೂರನೇ ದಾರಿ ಇತ್ತು ನೋಡಿ.

ಪೋಪ್ ಒಂದು ಮಾತು ಸೇರಿಸಿದರು

ಪ್ರಕರಣ ಇಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ.

ಹಿಂದಿನ ಕರಡಿನಲ್ಲಿ ‘ಧರ್ಮಸಭೆಯ ತಾಯಿ’ ಎಂಬ ಬಿರುದು ಇತ್ತು. ಹೊಸ ಅಧ್ಯಾಯದಲ್ಲಿ ಸಿದ್ಧಾಂತ ಆಯೋಗ ಅದನ್ನು ಕೈಬಿಟ್ಟಿತ್ತು. ತಾಯಿ ಎಂದರೆ ಮೇಲಿನವಳು, ಹೊರಗಿನವಳು. ಆಕೆಯನ್ನು ಧರ್ಮಸಭೆಯ ಒಳಗೆ ಕೂರಿಸಬೇಕು ಅಂತ ತಾನೇ ಇಷ್ಟೆಲ್ಲ ಮಾಡಿದ್ದು? ಪೋಲೆಂಡಿನ ಬಿಷಪ್‌ಗಳು ಮಾತ್ರ ಆ ಬಿರುದು ಬೇಕೇ ಬೇಕು ಅಂತ ಕೇಳುತ್ತಲೇ ಇದ್ದರು.

ನವೆಂಬರ್ 21, ಶನಿವಾರ. ಮೂರನೇ ಅಧಿವೇಶನದ ಕೊನೆಯ ದಿನ. ಧರ್ಮಸಭೆಯ ದಸ್ತಾವೇಜು ಅಧಿಕೃತವಾಗಿ ಹೊರಬಂತು. ಅದೇ ದಿನ, ಅದೇ ಸಭಾಂಗಣದಲ್ಲಿ, ಬೇರೆ ಪಂಗಡಗಳೊಂದಿಗೆ ಐಕ್ಯತೆಯ ದಸ್ತಾವೇಜೂ ಹೊರಬಂತು. ಸತ್ಯಗಳಲ್ಲೂ ಮೇಲು ಕೆಳಗಿನ ಕ್ರಮವಿದೆ, ಕೆಲವು ಬುಡಕ್ಕೆ ಹತ್ತಿರ, ಕೆಲವು ದೂರ ಎಂಬ ಮಾತು ಇರುವುದು ಇದರಲ್ಲೇ. ಆಮೇಲೆ ಪೋಪ್ ಆರನೇ ಪೌಲ್ ಸಮಾರೋಪ ಭಾಷಣಕ್ಕೆ ಎದ್ದರು. ಆ ಭಾಷಣದಲ್ಲಿ ಅವರು ಮರಿಯಮ್ಮನನ್ನು ‘ಧರ್ಮಸಭೆಯ ತಾಯಿ’ ಎಂದು ತಾವೇ ಘೋಷಿಸಿದರು. ಬಿಷಪ್‌ಗಳು ಎದ್ದು ಚಪ್ಪಾಳೆ ತಟ್ಟಿದರು. ಲೊಂಜಿನುಸನ ಗ್ಯಾಲರಿಯಲ್ಲಿ ಆ ಉತ್ಸಾಹ ಇರಲಿಲ್ಲ. ಆ ವಾರವೇ ಐಕ್ಯತೆಯ ದಸ್ತಾವೇಜಿಗೆ ಮೇಲಿನಿಂದ 19 ತಿದ್ದುಪಡಿ ಬಂದಿದ್ದವು, ಧಾರ್ಮಿಕ ಸ್ವಾತಂತ್ರ್ಯದ ಮತದಾನವೂ ಮುಂದಕ್ಕೆ ಹೋಗಿತ್ತು. ಆ ವಾರಕ್ಕೆ ‘ಕರಾಳ ವಾರ’ ಅಂತಲೇ ಹೆಸರು ಬಿತ್ತು.

ಲಗ್ನಪತ್ರಿಕೆಯಲ್ಲಿ ಅಜ್ಜಿಯ ಹೆಸರು ಕೆಳಗಿನ ಸಾಲಿಗೆ ಹೋಯಿತು. ಆದರೆ ಮದುವೆಯ ದಿನ ಮನೆಯ ಯಜಮಾನರು ಮೈಕ್ ಹಿಡಿದು, ಅಜ್ಜಿಯನ್ನು ವೇದಿಕೆಗೆ ಕರೆದು, ‘ನಮ್ಮೆಲ್ಲರ ತಾಯಿ’ ಅಂದುಬಿಟ್ಟರು. ಪೌಲ್ ಅವರದ್ದು ರಾಜಿಯೋ ಎಡವಟ್ಟೋ? ನನಗೆ ರಾಜಿಯಂತೆಯೇ ಕಾಣುತ್ತದೆ. 1,074 ಮಂದಿ ಬರೀ ಹಟಮಾರಿಗಳಲ್ಲ. ದಸ್ತಾವೇಜಿನ ಕೊನೆಯ ಅಧ್ಯಾಯ ಕಿರೀಟವೂ ಆಗಬಹುದು, ಬಾಲವೂ ಆಗಬಹುದು. ಜನ ಅದನ್ನು ಬಾಲ ಅಂತಲೇ ಓದುತ್ತಾರೆ ಎಂಬುದು ಅವರ ಹೆದರಿಕೆ. ಮಹಾಸಭೆ ಮುಗಿದ ಮುಂದಿನ ಒಂದು ದಶಕದಲ್ಲಿ ಯೂರೋಪು ಅಮೆರಿಕಗಳ ಎಷ್ಟೋ ಕಥೋಲಿಕ ಮನೆಗಳಲ್ಲಿ ಮರಿಯಮ್ಮನನ್ನು ಪ್ರಾರ್ಥಿಸುವ ಜಪಸರ ಮೂಲೆ ಸೇರಿತು. ಪೌಲ್ ಅವರೇ 1974ರಲ್ಲಿ ಮರಿಯಮ್ಮನ ಭಕ್ತಿ ಹೇಗಿರಬೇಕು ಅಂತ ಒಂದು ದೀರ್ಘ ಪತ್ರ ಬರೆಯಬೇಕಾಗಿ ಬಂತು.

ಆಮೇಲೆ

ರಕ್ಷಣೆಯ ಕಡೆಯ ಗಂಟು ಸ್ವಲ್ಪ ಸಡಿಲವಾಯಿತು. 1999ರ ಅಕ್ಟೋಬರ್ 31ರಂದು ಕಥೋಲಿಕರು ಮತ್ತು ಲುಥೆರನ್ ವಿಶ್ವ ಒಕ್ಕೂಟದವರು ಆಗ್ಸ್‌ಬರ್ಗ್‌ನಲ್ಲಿ ಒಂದು ಜಂಟಿ ಘೋಷಣೆಗೆ ಸಹಿ ಹಾಕಿದರು. ಕೃಪೆಯಿಂದಲೇ, ಕ್ರಿಸ್ತನಲ್ಲಿನ ನಂಬಿಕೆಯಿಂದಲೇ ದೇವರು ನಮ್ಮನ್ನು ಸ್ವೀಕರಿಸುತ್ತಾನೆ, ನಮ್ಮ ಪುಣ್ಯದಿಂದಲ್ಲ ಅಂತ ಇಬ್ಬರೂ ಒಟ್ಟಿಗೆ ಹೇಳಿದರು. ಆದರೆ ‘ಸಹಕಾರ’ದ ವಿಷಯ ಬಂದಾಗ ಆ ಘೋಷಣೆ ಏನು ಮಾಡಿದೆ ನೋಡಿ. ಕಥೋಲಿಕರ ಮಾತಿಗೆ ಒಂದು ಪ್ಯಾರಾ. ಅದರ ಕೆಳಗೆ ಲುಥೆರನ್ನರ ಮಾತಿಗೆ ಇನ್ನೊಂದು ಪ್ಯಾರಾ. ಬಾವಿಯ ಕಟ್ಟೆಯ ಮೇಲೆ ಇಬ್ಬರೂ ಕೂತಿದ್ದಾರೆ, ಕೈ ಹಿಡಿಯಿತೋ ಇಲ್ಲವೋ ಎಂಬುದರಲ್ಲಿ ಮಾತ್ರ ಇನ್ನೂ ಬೇರೆ ಬೇರೆ ಪ್ಯಾರಾ. ಮರಿಯಮ್ಮನ ಮಾತನ್ನು ಅದರಲ್ಲಿ ಎತ್ತಲೇ ಇಲ್ಲ.

ಬಾಲಿಚ್ ಬಿಟ್ಟ ಪದವೂ ಸುಮ್ಮನಿರಲಿಲ್ಲ. 1990ರ ದಶಕದಲ್ಲಿ ‘ಸಹ-ರಕ್ಷಕಿ’ಯನ್ನು ಸಿದ್ಧಾಂತ ಮಾಡಿ ಅಂತ ಲಕ್ಷಾಂತರ ಸಹಿಗಳು ರೋಮಿಗೆ ಹೋದವು. ಪೋಪ್ ಎರಡನೇ ಜಾನ್ ಪೌಲ್ ಆ ಪದವನ್ನು ಭಾಷಣಗಳಲ್ಲಿ ಬಳಸಿದ್ದೂ ಇದೆ, ಸಿದ್ಧಾಂತ ಮಾಡಲಿಲ್ಲ. ಪೋಪ್ ಫ್ರಾನ್ಸಿಸ್ ಅಂತೂ ಬೇಡ ಅಂತ ಬಾಯಿಬಿಟ್ಟೇ ಹೇಳಿದರು. ಕೊನೆಗೆ 2025ರ ನವೆಂಬರ್ 4ರಂದು, ಪೋಪ್ 14ನೇ ಲಿಯೋ ಅವರ ಒಪ್ಪಿಗೆಯೊಂದಿಗೆ ವ್ಯಾಟಿಕನ್ನಿನ ಸಿದ್ಧಾಂತ ಇಲಾಖೆ ಒಂದು ಟಿಪ್ಪಣಿ ಹೊರಡಿಸಿತು. ಆ ಪದ ಸೂಕ್ತವಲ್ಲ, ಕ್ರಿಸ್ತನೊಬ್ಬನೇ ರಕ್ಷಕ ಎಂಬುದನ್ನು ಅದು ಮಸುಕು ಮಾಡಬಹುದು ಅಂತ ಅದು ಹೇಳಿತು. ಕೊಟ್ಟ ಕಾರಣಗಳಲ್ಲಿ ಒಂದು ನನಗೆ ಬಹಳ ಹಿಡಿಸಿತು: ಒಂದು ಪದದ ಅರ್ಥ ದಾರಿ ತಪ್ಪದ ಹಾಗೆ ಮತ್ತೆ ಮತ್ತೆ ವಿವರಣೆ ಕೊಡುತ್ತಲೇ ಇರಬೇಕಾದರೆ ಆ ಪದದಿಂದ ಜನರ ವಿಶ್ವಾಸಕ್ಕೆ ಉಪಯೋಗವಿಲ್ಲ. 1962ರಲ್ಲಿ ‘ಪರಮಸತ್ಯ, ಆದರೆ ನೆಂಟರಿಗೆ ಅರ್ಥವಾಗದು’ ಅಂದದ್ದು 2025ರಲ್ಲಿ ‘ನಮ್ಮವರಿಗೂ ಅರ್ಥವಾಗುತ್ತಿಲ್ಲ’ ಅನ್ನುವಲ್ಲಿಗೆ ಬಂದು ನಿಂತಿತು.

ಮಂಗಳೂರಿನವರಿಗೆ ಈ ಜಗಳ ರೋಮಿನಷ್ಟು ದೂರದ್ದಲ್ಲ. ಹಂಪನಕಟ್ಟೆಯ ಮಿಲಾಗ್ರಿಸ್ ಚರ್ಚ್ ಪವಾಡಗಳ ಮಾತೆಯ ಹೆಸರಿನದು. ಅಲ್ಲಿಂದ ನಡೆದೇ ಹೋಗಬಹುದಾದಷ್ಟು ದೂರದ ಬಲ್ಮಠದಲ್ಲಿ 1834ರಲ್ಲಿ ಬಂದ ಪ್ರೊಟೆಸ್ಟೆಂಟ್ ಬಾಸೆಲ್ ಮಿಷನ್‌ನವರ ಪರಂಪರೆಯ ಸಭೆ. ಅಲ್ಲಿ ಮರಿಯಮ್ಮನ ಪ್ರತಿಮೆ ಇರುವುದಿಲ್ಲ. ಎರಡೂ ಕಡೆಯವರ ನಡುವೆ ಮದುವೆಗಳು ಆಗುತ್ತವೆ. ಆಗ ಮೊದಲ ಪ್ರಶ್ನೆ ಬರುವುದು ಸಾಮಾನ್ಯವಾಗಿ ಸೆಪ್ಟೆಂಬರ್‌ನಲ್ಲಿ.

ಸೆಪ್ಟೆಂಬರ್ 8 ಮರಿಯಮ್ಮನ ಹುಟ್ಟುಹಬ್ಬ, ಕೊಂಕಣಿ ಕಥೋಲಿಕರ ಮೊಂತಿ ಫೆಸ್ತ್. ಅದಕ್ಕೂ ಮುಂಚೆ ಒಂಬತ್ತು ದಿನ ಮಕ್ಕಳು ಹೂವು ತಂದು ಮಾತೆಯ ಪ್ರತಿಮೆಗೆ ಹಾಕುತ್ತಾರೆ. ಹಬ್ಬದ ದಿನ ಚರ್ಚ್‌ನಲ್ಲಿ ಆಶೀರ್ವದಿಸಿದ ತೆನೆ ಮನೆಗೆ ಬರುತ್ತದೆ. ಹೊಸ ಅಕ್ಕಿಯ ಕಾಳು ಹಾಲಿಗೋ ಪಾಯಸಕ್ಕೋ ಬೀಳುತ್ತದೆ. ಬಾಳೆಎಲೆಯ ಮೇಲೆ ಬರೀ ತರಕಾರಿ ಊಟ, ಪಲ್ಯಗಳ ಸಂಖ್ಯೆ ಮೂರು, ಐದು, ಏಳು ಹೀಗೆ ಬೆಸವೇ ಆಗಿರಬೇಕು. ಊಟಕ್ಕೆ ಮೊದಲು ಪ್ರಾರ್ಥನೆ. ಮರಿಯಮ್ಮನಿಗೆ ಹೇಳುವ ‘ನಮಾನ್ ಮರಿಯೆ’ ಶುರುವಾಗುವ ಹೊತ್ತಿಗೆ ಬಲ್ಮಠದಿಂದ ಬಂದ ಸೊಸೆ ಏನು ಮಾಡಬೇಕು? ತಲೆ ಬಾಗಿಸಿ ಸುಮ್ಮನೆ ನಿಲ್ಲಬಹುದು. ಪ್ರಾರ್ಥನೆಯ ಮೊದಲರ್ಧವನ್ನು ಹೇಳಲೂಬಹುದು, ಯಾಕೆಂದರೆ ಅದು ಲೂಕನ ಸುವಾರ್ತೆಯದೇ ಮಾತು, ಆಕೆಯ ಸತ್ಯವೇದದಲ್ಲೂ ಇದೆ. ‘ನಮಗಾಗಿ ಪ್ರಾರ್ಥಿಸು’ ಅನ್ನುವ ಎರಡನೇ ಅರ್ಧಕ್ಕೆ ಬಂದಾಗ ನಿಲ್ಲಿಸುವುದು ಕಷ್ಟ. ಸಾಲು ಓಡುತ್ತಿರುತ್ತದೆ, ಅತ್ತೆಯ ಕಣ್ಣು ಮುಚ್ಚಿರುತ್ತದೆ, ಎಲೆಯ ಮೇಲೆ ತೆನೆಯ ಪಾಯಸ ಬಡಿಸಿ ಆಗಿರುತ್ತದೆ.